ಬನದವ್ವನಿಗೆ ನೀಲಿ ಬಣ್ಣ

ತಾಂಡೂರಿನ ಹತ್ತಿರದ ನಮ್ಮೂರಿನ ಬೇವಿನ ಬನದಲ್ಲಿ ಬನದವ್ವ ಎಂಬ ಕಲ್ಲುದೇವಿ ಇದ್ದಾಳೆ. ಹಾಸುಗಲ್ಲಿನ ಗಣಿ ಅಗೆಯುತ್ತ ಅಗೆಯುತ್ತ ಬನದ ಅಂಚಿಗೇ ಬಂದಾಗ ನಾವು ಕೋರ್ಟಿಗೆ ಹೋದೆವು. ಬನವೂ ದೇವಿಯೂ ತಲೆತಲಾಂತರದಿಂದ ಇವೆ ಎಂದು ವಾದಿಸಿದೆವು. ಕಣ್ಣಾರೆ ನೋಡಿಬರಲು ಕೋರ್ಟು ಒಬ್ಬ ವಕೀಲರನ್ನು ನೇಮಿಸಿತು.

ಅವರು ಬರುವ ದಿನ ನಾನು ಮೊದಲೇ ಬನಕ್ಕೆ ಹೋದೆ. ಬನದವ್ವ ಅಡಿಯಿಂದ ಮುಡಿಯವರೆಗೆ ನೀಲಿ ಎಣ್ಣೆ ಬಣ್ಣದಲ್ಲಿ ಮಿರಮಿರ ಮಿಂಚುತ್ತಿದ್ದಳು. ಪಕ್ಕದಲ್ಲಿ ಬ್ರಷ್ ಹಿಡಿದು ನಮ್ಮ ದೊಡ್ಡವ್ವ ನಿಂತಿದ್ದಳು.

"ದೊಡ್ಡವ್ವ, ಹಳೀ ದೇವ್ರಂತ ತೋರಸ್ಬೇಕಾಗ್ಯಾದ! ಏನ್ ಮಾಡ್ದಿ ಇದು?"

"ಮಂದಿ ಬರ್ತಾರಂದ್ರ ಬಣ್ಣ ಹಚ್ಚಲ್ದೆ ಹಾಂಗೇ ಬಿಡಬೇಕೇನು?" ಎಂದು ನನಗೇ ಗದರಿದಳು.

ವಕೀಲರು ಬಂದು ನೋಡಿದವರೇ, "ಇದು ನಿನ್ನೆ ಮೊನ್ನೆಯದಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದರು. ದೊಡ್ಡವ್ವನಿಗೆ ಸಿಟ್ಟು ನೆತ್ತಿಗೇರಿತು. ಕುಡುಗೋಲು ತೆಗೆದು ಕಲ್ಲಿನ ಮೂಲೆಯನ್ನು ಕೆರೆದೇಬಿಟ್ಟಳು. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿ, ಅದರ ಕೆಳಗೆ ಸುಣ್ಣ, ಕೆಮ್ಮಣ್ಣು, ಮತ್ತೆ ಸುಣ್ಣ. ಕಲ್ಲು ಇನ್ನೂ ಕಂಡಿರಲೇ ಇಲ್ಲ.

"ಇದು ಕಲೆಕ್ಟರ್ ಬಂದಾಗಿಂದ್ರಿ. ಇದು ನಾ ಮದಿವ್ಯಾಗಿ ಬಂದಾಗಿಂದು. ಇದು ನಮ್ಮತ್ತಿ ಬಂದಾಗಿಂದು, ಇದು ಅವರತ್ತಿ ಬಂದಾಗಿಂದು..."

ವಕೀಲರು ಒಂದೊಂದು ಪದರಕ್ಕೂ ಬೆರಳಿಟ್ಟು ಬರೆದುಕೊಂಡರು, ಫೋಟೊ ಹೊಡೆದುಕೊಂಡರು. ಅವರ ಜೀಪು ಬನ ದಾಟುವಷ್ಟರಲ್ಲಿ ದೊಡ್ಡವ್ವ ಮತ್ತೆ ಬ್ರಷ್ ಅದ್ದಿದಳು.

"ಅದೇ ನಮ್ಮ ಸಾಕ್ಷಿ! ಮುಚ್ಚಬ್ಯಾಡ!" ಎಂದು ಕೂಗಿಕೊಂಡೆ.

"ನಾಳಿ ಜಡ್ಜ್ ಸಾಹೇಬ್ರೇ ಬಂದ್ರ," ಎಂದಳು, "ದೇವೀನ ಹಿಂಗ ಹರಕ ಸೀರ್ಯಾಗ ನಿಲ್ಲಸ್ಲೇನು?"