ಕೆಂಪಿ ತವರಿನಿಂದ ತರಬೇಕಾಗಿದ್ದದ್ದು

ಮೊನ್ನೆ ಕೊಪ್ಪದ ಪೇಟೆಯಲ್ಲಿ ಗೊಬ್ಬರದಂಗಡಿ ಮುಂದೆ ಹಾದುಹೋಗುವಾಗ ಕಳೆ ಔಷಧಿಯ ಘಾಟು ಮೂಗಿಗೆ ಬಡಿಯಿತು. ಆ ವಾಸನೆ ನಿಮಗೂ ಗೊತ್ತಿದ್ದೀತು. ನನಗೆ ಅದರಿಂದ ನೆನಪಾಗುವುದು ಕಂಪಲಾಪುರದ ನನ್ನ ದೊಡ್ಡಮ್ಮನ ಕೊಟ್ಟಿಗೆ, ಅಲ್ಲಿದ್ದ ಕೆಂಪಿ ಎಂಬ ಕಡಸು.

ಕೆಂಪಿ ಮೈಕೈ ತುಂಬಿಕೊಂಡು ಲಕ್ಷಣವಾಗಿತ್ತು. ಆದರೆ ಓರಗೆಯ ಕಡಸುಗಳೆಲ್ಲ ಕರು ಹಾಕಿದರೂ ಇದು ಬೆದೆಗೇ ಬರಲಿಲ್ಲ. ದೊಡ್ಡಮ್ಮ ತಿನ್ನಿಸದ ಹಿಂಡಿಯಿಲ್ಲ, ಹೊರದ ಹರಕೆಯಿಲ್ಲ. ಮಾರಿಬಿಡು ಎಂದವರಿಗೆ, "ನನ್ ಕೈಯಾಗೆ ಉಟ್ಟಿದ್ ಕರ ಕಣ್ಲಾ, ಮಾರಕಾಗಕಿಲ್ಲ ಬುಡು" ಎನ್ನುತ್ತಿದ್ದಳು.

ಕೊನೆಗೆ ಹುಣಸೂರಿನಿಂದ ಪಶುವೈದ್ಯೆಯೊಬ್ಬರು ಪುಟ್ಟ ಟಿವಿಯಂಥ ಸ್ಕ್ಯಾನಿಂಗ್ ಯಂತ್ರ ತಂದರು. ಮೊದಲು ಪಕ್ಕದ ಮನೆಯ ಕಡಸಿನ ಅಂಡಾಶಯ ತೋರಿಸಿದರು. ಬೂದು ಬಣ್ಣದ ನಡುವೆ ದ್ರಾಕ್ಷಿಯಂಥ ಕಪ್ಪು ಗುಳ್ಳೆಗಳು. ಆಮೇಲೆ ಕೆಂಪಿಯದು. ತೀರ ಚಿಕ್ಕದು, ನುಣ್ಣಗೆ, ಬರಿದು.

"ಆ ಗುಳ್ಳೆಗಳೊಳಗಿನ ಮೊಟ್ಟೆಗಳೆಲ್ಲ ತಾಯಿ ಹೊಟ್ಟೇಲಿದ್ದಾಗ್ಲೇ ಆಗಿರ್ತವೆ ಅಮ್ಮ, ಹುಟ್ಟಿದ್ಮೇಲೆ ಹೊಸದು ಆಗಲ್ಲ. ಆಗ ಇದರ ತಾಯಿ ಏನು ಮೇಯ್ತಿತ್ತು?"

"ಸುಂಟಿ ಒಲದ ಬದೀನ್ ಉಲ್ಲು. ಆ ವರ್ಸ ಅಲ್ಗೆಲ್ಲ ಕಳೆ ಔಸ್ದಿ ಒಡೆದಿದ್ವು ಕಣವ್ವ."

"ಅದೇ ಕಾರಣ ಅಂತ ಖಂಡಿತ ಹೇಳಕ್ಕಾಗಲ್ಲ. ಇದ್ದರೂ ಇರಬಹುದು."

ದೊಡ್ಡಮ್ಮ ಕೆಂಪಿಯ ಬೆನ್ನು ಸವರುತ್ತ, "ಅಂದ್ರೆ ತವರಿಂದ್ಲೇ ತರ್ಬೇಕು ಅನ್ನಿ" ಎಂದಳು.

ಬಿ.ಎ. ಓದಿದ ನನಗೆ ತಲೆ ಗಿರ್ರೆಂದಿತು. ಹಸುವಿನೊಳಗೆ ಕರು, ಆ ಕರುವಿನೊಳಗೆ ಮುಂದಿನ ಕರುಗಳು. ಹಾಗಾದರೆ ಅಜ್ಜಿ ನಮ್ಮಮ್ಮನನ್ನು ಬಸಿರಲ್ಲಿಟ್ಟುಕೊಂಡು ರಾಗಿ ಹೊಲದಲ್ಲಿ ಕಳೆ ಕೀಳುವಾಗ ನಾನೂ ಜೊತೆಗಿದ್ದೆ! ಹುಟ್ಟುವ ಎಷ್ಟೋ ವರ್ಷ ಮೊದಲೇ ಆ ಹೊಲಕ್ಕೆ ಹೋಗಿಬಂದಿದ್ದೆ.

ಕೆಂಪಿಯ ತಾಯಿ ಆಗ ಮತ್ತೆ ಗಬ್ಬವಾಗಿತ್ತು. ಅಂದಿನಿಂದ ಬದುವಿಗೆ ಔಷಧಿ ಹೊಡೆಯಲು ದೊಡ್ಡಮ್ಮ ಬಿಡಲಿಲ್ಲ. ದೊಡ್ಡಪ್ಪ ಗೊಣಗಿದರೂ ಕುಡುಗೋಲು ಹಿಡಿದು ಕಳೆಯನ್ನೆಲ್ಲ ತಾನೇ ಕೊಯ್ದಳು. ನಾನೂ ಒಂದು ಬೆಳಗ್ಗೆ ಉತ್ಸಾಹದಿಂದ ಹೋಗಿ, ಮಧ್ಯಾಹ್ನಕ್ಕೆಲ್ಲ ಅಂಗೈ ಬೊಬ್ಬೆಗೆ ಬೆಣ್ಣೆ ಸವರಿಕೊಂಡು ಕೂತೆ. ಆ ಸಲ ಕೆಂಪಿಯ ತಾಯಿಗೆ ಹುಟ್ಟಿದ್ದು ಹೆಣ್ಣುಗರು.

ಮೊನ್ನೆ ಕೊಪ್ಪದಿಂದ ನೇರ ದೊಡ್ಡಮ್ಮನ ಮನೆಗೇ ಹೋದೆ. ಕೆಂಪಿ ಅಲ್ಲೇ ಮೆಲುಕು ಹಾಕುತ್ತಿತ್ತು. ಅದರ ತಂಗಿ ಈಗ ಬೆಳೆದ ಕಡಸು. ಅದೇ ಡಾಕ್ಟರು ಅದನ್ನು ಪರೀಕ್ಷಿಸುತ್ತಿದ್ದರು. ಪರದೆಯ ಮೇಲೆ ಒಂದು, ಇನ್ನೊಂದು, ಮತ್ತೊಂದು ಕಪ್ಪು ಗುಳ್ಳೆ ಮೂಡಿತು.

"ಎಷ್ಟವೆ ಕಣವ್ವ?"

"ಕಾಣೋದು ಇಷ್ಟು. ಕಾಣದೆ ಇರೋವು ಸಾವಿರಾರು."

ದೊಡ್ಡಮ್ಮ ಸೆರಗು ತಲೆಯ ಮೇಲೆ ಹೊದ್ದು, ಸಗಣಿ ಮೆತ್ತಿದ ಚಪ್ಪಲಿ ಪಕ್ಕಕ್ಕೆ ಬಿಟ್ಟು, ಆ ಪುಟ್ಟ ಪರದೆಯ ಮುಂದೆ ಬರಿಗಾಲಲ್ಲಿ ನಿಂತಳು.

ನಾನೂ ಚಪ್ಪಲಿ ಬಿಟ್ಟೆ.