ಕ್ಯಾಚರ್‌ನ ಬಲಗೈ

ಬೇಸ್‌ಬಾಲ್ ತಂಡವೊಂದು ಸಂಬಳ ಕೊಟ್ಟು ನನ್ನನ್ನು ಕ್ಯಾಚರ್ ಆಗಿ ಸೇರಿಸಿಕೊಂಡಿತ್ತು. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ. ಎರಡನೇ ತಿಂಗಳಲ್ಲೇ ಬ್ಯಾಟಿಗೆ ಸವರಿಕೊಂಡು ಬಂದ ಚೆಂಡು ಬಡಿದು ಬಲಗೈಯ ಎರಡು ಬೆರಳು ಮುರಿದವು. ಕಟ್ಟು ಬಿಚ್ಚಿದಾಗ ಅವು ಸೊಟ್ಟಗಾಗಿದ್ದವು, ತಂಡದವರು ಊರಿಗೆ ಕಳಿಸಿಬಿಟ್ಟರು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

ಕಡೂರಿನಲ್ಲಿ ಸಿಂಗಟಗೆರೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಕೈಯನ್ನೇ ನೋಡುತ್ತಿದ್ದರು.

“ಮಿಷನ್ನಿಗೆ ಸಿಕ್ತೇನಪ್ಪಾ?”

“ಇಲ್ಲಮ್ಮಾ, ಚೆಂಡು ಹಿಡಿಯೋಕೆ ಹೋಗಿ ಹಿಂಗಾಯ್ತು.”

“ಅಷ್ಟು ಜೋರಾಗಿ ಬಂದ್ರೆ ಬಿಟ್ಬಿಡ್ಬೇಕು ಕಣಪ್ಪಾ.”

“ಹಿಡಿಯೋದೇ ನನ್ನ ಕೆಲ್ಸ. ಬಿಟ್ರೆ ಕೆಲ್ಸ ಹೋಗುತ್ತೆ.”

“ಹಿಡಿದ್ರೂ ಹೋಯ್ತಲ್ಲಪ್ಪಾ!”

ಕಿಟಕಿಯತ್ತ ತಿರುಗಿದೆ. ಆಕೆ ಕಡಲೇಕಾಯಿ ಸುಲಿದು ಸುಲಿದು ನನ್ನ ಎಡಗೈಗೆ ಹಾಕತೊಡಗಿದರು. ಅಷ್ಟನ್ನು ನಾನೇ ಸುಲಿದುಕೊಳ್ಳಬಲ್ಲೆ ಅನ್ನಬೇಕೆನಿಸಿತು. ಆದರೂ ಸಿಂಗಟಗೆರೆ ಬರುವವರೆಗೂ ಕೈಲಾಗದವನಂತೆ ತಿನ್ನುತ್ತಲೇ ಇದ್ದೆ.