ಒಂದೇ ಮೊಳೆಯ ಡಿ

ಗೆರೆ ಎಳೆಯುವ ಕೆಲಸ ಬಂದರೆ ನನಗೆ ಇವತ್ತಿಗೂ ಕೈ ನಡುಗುತ್ತದೆ. ಮನೆಯವರು ಅದನ್ನು ವಯಸ್ಸಿನ ನಡುಕ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ರಂಗೋಲಿ ಹಾಕುತ್ತಿರುವ ಹೆಂಡತಿ "ಆ ಕಡೆ ಒಂದ್ ಗೆರೆ ಸೇರಿಸ್ಬಿಡ್ರೀ" ಎಂದರೆ ನಾನು ಮೊದಲು ಟೇಪು ಹುಡುಕುತ್ತೇನೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ತಯಾರಾದ ಬಿಡಿಭಾಗಗಳನ್ನು ಅಳೆಯುವುದಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಿದ್ದೆ. ಅಂಥವನ ಅಳತೆ ಒಂದು ದಿನ ಒಂದೂವರೆ ಗಜ ತಪ್ಪಿತು. ಅದೂ ದೇಶಕ್ಕಾಗಿ ಹಾಕಿ ಆಡಿದ ಮನುಷ್ಯನೊಬ್ಬನ ಕಾಲ ಬುಡದಲ್ಲಿ.

ಆಗೆಲ್ಲ ದೊಡ್ಡ ಹಾಕಿ ಆಟಗಾರರನ್ನು ನೋಡಲು ಕ್ರೀಡಾಂಗಣಕ್ಕೇ ಹೋಗಬೇಕೆಂದಿರಲಿಲ್ಲ. ರೈಲ್ವೆ, ಬ್ಯಾಂಕು, ಪೊಲೀಸು, ಕಾರ್ಖಾನೆ ಎಲ್ಲವೂ ಆಟದ ಕೋಟಾದಲ್ಲಿ ಅವರನ್ನು ಕರೆದು ಕೆಲಸ ಕೊಡುತ್ತಿದ್ದವು. ಚಪ್ಪಾಳೆ ನಿಂತ ಮೇಲೆ ಅವರು ಯಾವುದಾದರೂ ಕಿಟಕಿಯ ಹಿಂದೆ ಕೂತಿರುತ್ತಿದ್ದರು. ನಮ್ಮ ಸ್ಟೋರ್ಸಿನ ಕಿಟಕಿಯಲ್ಲಿ ಡ್ರಿಲ್ ಬಿಟ್‌ಗಳನ್ನೂ ಕೈಗವಸುಗಳನ್ನೂ ಕೊಡುತ್ತಿದ್ದವರು ಅರುಳಪ್ಪ. ಎಲ್ಲರಿಗೂ ಅರುಳಣ್ಣ. ಕೈಗವಸು ಹರಿಯಿತೆಂದು ಯಾರಾದರೂ ಮತ್ತೆ ಬಂದರೆ, "ನಾನು ಇಂಡಿಯಾಗೆ ಆಡ್ವಾಗ ಕೂಡ ವರ್ಷಕ್ಕೆ ಇಷ್ಟ್ ಗ್ಲೌಸ್ ಕೊಡ್ಲಿಲ್ಲ ಕಣೋ" ಎಂದು ರೇಗಿಸಿಯೇ ಕೊಡುತ್ತಿದ್ದರು.

ಹಳೆಯ ಹಾಕಿಯ ಮಹಾಪುರುಷರ ಕಥೆಗಳನ್ನು ನಾನು ಆ ಕಿಟಕಿಯ ಬಳಿಯೇ ಕೇಳಿದ್ದು. ಒಬ್ಬರ ಕೋಲಿಗೆ ಚೆಂಡು ಅಂಟಿಕೊಂಡಂತೆ ಬರುತ್ತಿತ್ತಂತೆ. ಒಳಗೆ ಅಯಸ್ಕಾಂತವಿದೆಯೆಂದು ಅದನ್ನು ಮುರಿದು ನೋಡಿದರಂತೆ. ಇದನ್ನು ನಂಬಿದೆ. ತಪಾಸಣೆ ಮಾಡಿದ್ದಾರಲ್ಲ! ಇನ್ನೊಮ್ಮೆ ಅವರೇ ಗೋಲು ಕಂಬಗಳ ನಡುವಿನ ಅಗಲ ಕಡಿಮೆಯಿದೆಯೆಂದು ಬರಿಗಣ್ಣಿನಲ್ಲೇ ಹೇಳಿದರಂತೆ, ಅಳೆದಾಗ ನಿಜವಾಯಿತಂತೆ. ಇದನ್ನು ಮಾತ್ರ ನಂಬಲಿಲ್ಲ. ಉಪಕರಣವಿಲ್ಲದ ಅಳತೆಗೆ ತಲೆದೂಗುವುದು ನನ್ನ ಕಸುಬಿಗೇ ವಿರುದ್ಧ.

ಕಾರ್ಖಾನೆಗಳ ನಡುವಿನ ಪಂದ್ಯಾವಳಿಯ ಫೈನಲ್ ಆ ವರ್ಷ ನಮ್ಮ ಮೈದಾನದಲ್ಲಿತ್ತು. ಅದು ಅರುಳಣ್ಣನ ಕೊನೆಯ ಪಂದ್ಯ. ಬೆಳಿಗ್ಗೆ ಕ್ರೀಡಾ ಕಾರ್ಯದರ್ಶಿ ಓಡಿ ಬಂದು, "ಸಾರ್, ಗೆರೆ ಎಳೆಯೋ ಮಾಲಿ ಕೈ ಕೊಟ್ಬಿಟ್ಟ. ಅಳತೆ ಅಂದ್ರೆ ನೀವೇ ಅಲ್ವಾ?" ಎಂದ. ನಾನು ಉಬ್ಬಿಹೋದೆ. ಗೋಲಿನ ಮುಂದೆ ಎಳೆಯುವ ಬಾಗುಗೆರೆಗೆ ಡಿ ಎನ್ನುತ್ತಾರೆ. ಅದರ ಒಳಗಿನಿಂದ ಹೊಡೆದರಷ್ಟೇ ಗೋಲು. ಹದಿನಾರು ಗಜ ಎಂದರು. ಗೋಲಿನ ನಟ್ಟನಡುವೆ ಒಂದು ಮೊಳೆ ಹೊಡೆದು, ಹದಿನಾರು ಗಜದ ಹಗ್ಗ ಕಟ್ಟಿ, ಸುಣ್ಣ ಸುರಿಯುತ್ತಾ ಸುತ್ತಿ ಬಂದೆ. ಎರಡೂ ಕಡೆ ಹಾಗೆಯೇ. ಕಂಪಾಸು ನಾಚುವಂಥ ಅರ್ಧವೃತ್ತಗಳು.

ಕೊನೆಯ ನಿಮಿಷಗಳಲ್ಲಿ ನಾವು ಒಂದು ಗೋಲು ಹಿಂದಿದ್ದೆವು. ಅರುಳಣ್ಣ ಬಲಬದಿಯಿಂದ ನುಗ್ಗಿ ಹೊಡೆದರು. ಗೋಲಿನ ಹಲಗೆ ಠಪ್ಪೆಂದಿತು. ಆದರೆ ಡಿ ಹೊರಗಿನಿಂದ ಹೊಡೆದದ್ದೆಂದು ಅಂಪೈರ್ ಗೆರೆಯ ಹೊರಗೆ ಬೆರಳು ತೋರಿಸಿದರು. "ಕಣ್ ಬಿಟ್ಟು ನೋಡಿ ಸಾರ್!" ಎಂದು ನಮ್ಮವರು ಕಿರುಚಿದರು. ಅರುಳಣ್ಣ ಗೆರೆಯನ್ನು ನೋಡಿದರು, ಕಂಬವನ್ನು ನೋಡಿದರು, ಕೋಲು ಹೆಗಲಿಗೇರಿಸಿ ಹಿಂದಿರುಗಿದರು. ಸೋತೆವು.

ಮರುವಾರ ಕಚೇರಿಯ ಕಪಾಟಿನಲ್ಲಿ ಆಟದ ನಿಯಮದ ಪುಸ್ತಕ ಸಿಕ್ಕಿತು. ಮೊಳೆ ಒಂದಲ್ಲ, ಎರಡು. ಎರಡೂ ಕಂಬಗಳ ಬುಡದಿಂದ ಬೇರೆ ಬೇರೆ ಬಾಗು ಎಳೆದು, ನಡುವೆ ನೇರ ಗೆರೆಯಿಂದ ಸೇರಿಸಬೇಕು. ಕಾಗದದ ಮೇಲೆ ಲೆಕ್ಕ ಹಾಕಿದೆ. ಅವರು ಹೊಡೆದ ಜಾಗದಲ್ಲಿ ನನ್ನ ಡಿ ಒಂದೂವರೆ ಗಜ ಕಿರಿದಾಗಿತ್ತು. ಗೋಲು ಸರಿಯಾಗಿತ್ತು. ಆವತ್ತು ಶುರುವಾದ ನಡುಕ ಇದು. ಎಷ್ಟೋ ಸಲ ಹೇಳಲೆಂದೇ ಸ್ಟೋರ್ಸಿನ ಕಿಟಕಿಗೆ ಹೋಗಿ, ಬೇಡದ ಕೈಗವಸು ಪಡೆದು ಬಂದಿದ್ದೇನೆ. ಅವು ಈಗಲೂ ಮನೆಯಲ್ಲಿವೆ.

ವರ್ಷಗಳು ಕಳೆದವು. ಆ ಮೈದಾನದಲ್ಲಿ ಈಗ ಪಾರ್ಸಲ್ ಗೋದಾಮು ಇದೆ. ಕಳೆದ ತಿಂಗಳು ಪೀಣ್ಯ ಎರಡನೇ ಹಂತದ ಬೇಕರಿಯೊಂದರ ಮುಂದೆ ಅರುಳಣ್ಣ ಊರುಗೋಲು ಒರಗಿಸಿಕೊಂಡು ಟೀ ಕುಡಿಯುತ್ತಿದ್ದರು. ಇನ್ನು ತಡೆದರೆ ನಮ್ಮಿಬ್ಬರಲ್ಲಿ ಒಬ್ಬರು ಇರುವುದಿಲ್ಲ ಎನಿಸಿತು.

"ಅರುಳಣ್ಣ, ಆವತ್ತಿನ ಗೋಲು ಸರಿಯಾಗಿತ್ತು. ಗೆರೆ ತಪ್ಪು. ಎಳೆದೋನು ನಾನು."

ಅವರು ಬನ್ನನ್ನು ಟೀಗೆ ಅದ್ದಿದರು. "ಗೊತ್ತು ಸಾರ್."

"ಯಾವಾಗಿಂದ?"

"ಮ್ಯಾಚ್‌ಗೆ ಮುಂಚೆನೇ. ಮೈದಾನಕ್ಕೆ ಕಾಲಿಟ್ಟಾಗ್ಲೇ ನೋಡ್ದೆ. ಮುಂದ್ಗಡೆ ಚಪ್ಪಟೆ ಇರ್ಬೇಕಿತ್ತು, ನಿಮ್ದು ಚಪಾತಿ ತರ ರೌಂಡಾಗಿತ್ತು."

ಬರಿಗಣ್ಣಿನಲ್ಲಿ! ಗೋಲಿನ ಅಗಲದ ಆ ಹಳೆಯ ಕಥೆಯನ್ನು ನಾನು ಆ ಕ್ಷಣದಲ್ಲಿ ನಂಬಿದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಎಳ್ದಿದ್ರಿ, ಶರ್ಟೆಲ್ಲಾ ಸುಣ್ಣ. ಹೆಂಗ್ ಹೇಳೋದು? ಅವ್ರಿಗೂ ಅದೇ ಡಿ, ನಮ್ಗೂ ಅದೇ ಡಿ ತಾನೆ? ಗೆರೆ ಎಲ್ಲಿದೆ ಅಂತ ಗೊತ್ತಿದ್ದೋನು ನಾನು. ಇನ್ನೆರಡು ಹೆಜ್ಜೆ ಓಡ್ಬೇಕಿತ್ತು, ಮಂಡಿ ಬರ್ಲಿಲ್ಲ. ಆ ಗೋಲು ತಿಂದಿದ್ದು ನಿಮ್ ಸುಣ್ಣ ಅಲ್ಲ ಸಾರ್, ನನ್ ಮಂಡಿ."

ಮಂಡಿಯ ಮಾತು ನಿಜವೋ, ನನ್ನ ಮೇಲಿನ ಕನಿಕರವೋ ತಿಳಿಯಲಿಲ್ಲ. ಅದನ್ನು ಅಳೆಯುವ ಉಪಕರಣ ನನ್ನಲ್ಲಿಲ್ಲ. ಟೀ ಮುಗಿಸಿ ಅವರೆಂದರು: "ಭಾನುವಾರ ಹಳಬ್ರೆಲ್ಲಾ ಸೇರಿ ಆಡ್ತಾ ಇದ್ದೀವಿ. ಗೆರೆ ನೀವೇ ಎಳೀಬೇಕು. ಎರಡ್ ಮೊಳೆ ತನ್ನಿ."

ನಾಲ್ಕು ಒಯ್ದೆ, ಎರಡೂ ಕಡೆಗೆ. ಡಿ ಆಕಾರ ಸರಿಯಾಗಿ ಬಂತು, ಆದರೆ ಕೈ ನಡುಗಿ ಗೆರೆ ಹಾವಿನಂತೆ ಹರಿದಿತ್ತು. ಅರುಳಣ್ಣ ಊರುಗೋಲಿನ ತುದಿಯಿಂದ ಅದನ್ನು ಉದ್ದಕ್ಕೂ ಸವರಿಕೊಂಡು ಬಂದರು.

"ಅಳಿಸಿ ಮತ್ತೆ ಎಳೀಲಾ?" ಎಂದೆ.

"ಬಿಡಿ ಸಾರ್. ಇವತ್ತು ಆಡೋರು ಇಲ್ಲೀವರೆಗೂ ಓಡ್ಬಂದ್ರೆ ಅದೇ ಗೋಲು."

ಬದುಕಿನಲ್ಲಿ ಮೊದಲ ಸಲ, ವಕ್ರವಾದದ್ದೊಂದನ್ನು ಕೆಂಪು ಬಣ್ಣ ಬಳಿಯದೆ ಪಾಸು ಮಾಡಿದೆ.